45,000 ಡಾಲರಿನ ಕೆಮಿಸ್ಟ್ರಿ

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ದಾವಣಗೆರೆ ಕಡೆಯವರು. 28 ವರ್ಷದಿಂದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿದ್ದೇವೆ. ಮಗಳಿಗೆ 26, ಇಲ್ಲೇ ಹುಟ್ಟಿದವಳು. ಕಾಲೇಜಿಗೆ ಸೇರುವಾಗ ಪ್ರಿಮೆಡ್, ಅಂದರೆ ಮುಂದೆ ಮೆಡಿಕಲ್ ಅಂತಲೇ ಹೋಗಿದ್ದಳು. ಮೊದಲ ವರ್ಷ ಕೆಮಿಸ್ಟ್ರಿಯಲ್ಲಿ ಒಂದು ಸಿ ಪ್ಲಸ್, ಒಂದು ಸಿ ಬಂತು. ಎರಡನೇ ವರ್ಷ ಆರ್ಗ್ಯಾನಿಕ್ ಕೆಮಿಸ್ಟ್ರಿ ಅರ್ಧಕ್ಕೇ ಬಿಟ್ಟಳು. ಎಕನಾಮಿಕ್ಸ್ ತಗೊಂಡು ನಾಲ್ಕಕ್ಕೆ 3.24 ಜಿಪಿಎಯಲ್ಲಿ ಡಿಗ್ರಿ ಮುಗಿಸಿದಳು. ಈಗ ಒಳ್ಳೆ ಕೆಲಸದಲ್ಲಿದ್ದಾಳೆ, ವರ್ಷಕ್ಕೆ 88,000 ಡಾಲರ್ ಸಂಬಳ.

ಹೋದ ವರ್ಷ ನಮ್ಮತ್ತೆ 19 ದಿನ ಆಸ್ಪತ್ರೆಯಲ್ಲಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಇವಳೇ ರಾತ್ರಿ ಪಕ್ಕದಲ್ಲಿ ಮಲಗಿ, ಡಾಕ್ಟರು ಹೇಳಿದ್ದನ್ನೆಲ್ಲ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಆಮೇಲೆ ಒಂದು ದಿನ "ಅಮ್ಮ, ನಾನು ಡಾಕ್ಟರೇ ಆಗಬೇಕು" ಅಂದಳು. ಪೋಸ್ಟ್‌-ಬ್ಯಾಕ್ ಅಂತ ಒಂದು ಕೋರ್ಸು ಇದೆಯಂತೆ. ಒಂದು ವರ್ಷ, ಫೀಸೇ 45,000 ಡಾಲರ್. ಕೆಲಸ ಬಿಡಬೇಕಂತೆ. ನಮ್ಮ ಯಜಮಾನರು "ಇಷ್ಟು ದುಡ್ಡು ಸುರಿಯುವುದಾದರೆ ಊರಲ್ಲೇ ಎಂಬಿಬಿಎಸ್ ಸೀಟು ತಗೊಳ್ಳೋಣ, ಇಲ್ಲಾ ಕೆರಿಬಿಯನ್‌ಗೆ ಕಳಿಸೋಣ" ಅನ್ನುತ್ತಾರೆ. ನನಗೆ ಮದುವೆಯದ್ದೇ ಚಿಂತೆ. ಬಾಯಿ ಬಿಟ್ಟರೆ ಮನೆಯಲ್ಲಿ ಎರಡು ದಿನ ಮಾತು ಬಂದ್. ಹೋಗು ಅನ್ನಲಾ, ಬೇಡ ಅನ್ನಲಾ?

— ಹೆಸರು ಬೇಡ, ಎಡಿಸನ್

ಉತ್ತರ: ಡಾಕ್ಟರಾಗಲಿ. ಆ 45,000 ಡಾಲರ್ ಮಾತ್ರ ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು, ಊರಲ್ಲಿ ಕೂತು ಓದುವವರಿಗಾಗಿ ಎರಡು ಮಾತು. ನಮ್ಮಲ್ಲಿ ಪಿಯುಸಿ ಮುಗಿಸಿ ನೇರ ಮೆಡಿಕಲ್‌ಗೆ ಹೋಗುತ್ತೇವೆ. ನಾನು ಹುಬ್ಬಳ್ಳಿ ಕೆ.ಎಂ.ಸಿ.ಗೆ ಸೇರಿದಾಗ ನನಗೆ 17. ಸಿಇಟಿ ಇನ್ನೂ ಬಂದಿರಲಿಲ್ಲ, ಪಿಯುಸಿ ಮಾರ್ಕ್ಸ್ ನೋಡಿ ಸೀಟು. ಡಾಕ್ಟರಾಗುತ್ತೀಯಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಮಾರ್ಕ್ಸ್ ಬಂದಿತ್ತು, ಅಷ್ಟೇ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ನಾಲ್ಕು ವರ್ಷದ ಡಿಗ್ರಿ ಆದ ಮೇಲೆ ಮೆಡಿಕಲ್ ಸ್ಕೂಲು. ಡಿಗ್ರಿ ಯಾವ ವಿಷಯದಲ್ಲಾದರೂ ಇರಲಿ, ಸಂಗೀತವಾದರೂ ನಡೆಯುತ್ತದೆ. ಆದರೆ ಸಾಮಾನ್ಯವಾಗಿ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಒಂದೊಂದು ವರ್ಷ, ಲ್ಯಾಬ್ ಸಮೇತ ಮಾಡಿರಬೇಕು. ಬಯೋಕೆಮಿಸ್ಟ್ರಿಯನ್ನೂ ಈಗ ಹೆಚ್ಚಿನವರು ಕೇಳುತ್ತಾರೆ. ಇದನ್ನು ಮಾಡದೆ ಡಿಗ್ರಿ ಮುಗಿಸಿದವರು, ಅಥವಾ ಮಾಡಿ ಕೆಡಿಸಿಕೊಂಡವರು, ಆಮೇಲೆ ಓದುವ ಓದಿಗೆ ಪೋಸ್ಟ್‌-ಬ್ಯಾಕ್ ಅನ್ನುತ್ತಾರೆ.

"ಮಾಡದವರು" ಮತ್ತು "ಕೆಡಿಸಿಕೊಂಡವರು" ಅಂತ ಬೇರೆಬೇರೆ ಹೇಳಿದೆ ನೋಡಿ. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ. ಪೆನ್ಸಿಲ್ವೇನಿಯಾದ ಬ್ರಿನ್ ಮಾರ್, ಬಾಲ್ಟಿಮೋರಿನ ಗೌಚರ್, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಇಂಥ ಕಾಲೇಜುಗಳ ಹೆಸರು ನಿಮ್ಮ ಮಗಳು ಹೇಳಿರುತ್ತಾಳೆ. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ಪ್ರೋಗ್ರಾಮು 1955ರಿಂದ ನಡೆಯುತ್ತಿದೆ. ಬ್ರಿನ್ ಮಾರ್, ಗೌಚರ್ ಥರದವು ಮುಖ್ಯವಾಗಿ ಸೈನ್ಸ್ ಮುಟ್ಟೇ ಇಲ್ಲದವರಿಗೆ. ಇತಿಹಾಸದಲ್ಲಿ 3.8 ತಂದು, ಎರಡು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿ, ಈಗ ಡಾಕ್ಟರಾಗಬೇಕು ಅಂತ ಬರುವ ಹುಡುಗಿಗೆ. ಅವಳಿಗೆ ಅಲ್ಲಿ ನಿಜಕ್ಕೂ ಬೆಲೆ ಇದೆ. ಒಂದು ವರ್ಷದಲ್ಲಿ ಎಲ್ಲ ಸೈನ್ಸ್ ಮುಗಿಯುತ್ತದೆ. ಅರ್ಜಿ ಬರೆಯಲು ಕೈಹಿಡಿದು ನಡೆಸುವವರಿರುತ್ತಾರೆ. ಕೆಲವು ಮೆಡಿಕಲ್ ಸ್ಕೂಲುಗಳ ಜೊತೆ ಲಿಂಕೇಜ್ ಅಂತ ಒಪ್ಪಂದವಿರುತ್ತದೆ. ಅದು ಸಿಕ್ಕಿದರೆ ಅರ್ಜಿ ಹಾಕಿ ಸುಮ್ನೆ ಕಾಯುವ ಒಂದು ವರ್ಷ ಉಳಿತಾಯವಾಗುತ್ತದೆ.

ನಿಮ್ಮ ಮಗಳು ಆ ಸಾಲಿನವಳಲ್ಲ. ಅವಳ ಟ್ರಾನ್ಸ್‌ಕ್ರಿಪ್ಟಿನಲ್ಲಿ ಸಿ ಪ್ಲಸ್ ಇದೆ, ಸಿ ಇದೆ, ಆರ್ಗ್ಯಾನಿಕ್ ಮುಂದೆ ಅರ್ಧಕ್ಕೆ ಬಿಟ್ಟಳು ಅನ್ನುವ ಗುರುತಿನ ಒಂದು ಡಬ್ಲ್ಯೂ ಇದೆ. ಆ ಹೆಸರುವಾಸಿ ಕಡೆ ಅವಳಿಗೆ ಜಾಗ ಸಿಗುವುದೇ ಕಷ್ಟ. 45,000 ಕೇಳಿ ಬಾಗಿಲು ತೆಗೆಯುವ ಕಡೆ ಅವಳಿಗೆ ಕೊಡುವುದೇನು? ಅದೇ ಕೆಮಿಸ್ಟ್ರಿ, ಅದೇ ಫಿಸಿಕ್ಸ್. ಮಾಲಿಕ್ಯೂಲುಗಳಿಗೆ ಫೀಸು ಗೊತ್ತಾಗುವುದಿಲ್ಲ.

ನಿಮ್ಮ ಪತ್ರ ಬಂದ ದಿನ ಊಟ ಆದ ಮೇಲೆ ಕರೆಂಟ್ ಬಿಲ್ಲಿನ ಕವರ್ ಹಿಂದೆ ಒಂದು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. ಡಿಗ್ರಿಯಲ್ಲಿ 120 ಕ್ರೆಡಿಟ್, 3.24. ಇನ್ನು ಮೇಲೆ ಅವಳು 36 ಕ್ರೆಡಿಟ್ ಸೈನ್ಸ್ ಮಾಡಿ ಎಲ್ಲದರಲ್ಲೂ 3.9 ತಂದಳು ಅಂತಲೇ ಇಟ್ಟುಕೊಳ್ಳಿ. ಒಟ್ಟು ಜಿಪಿಎ ಎಲ್ಲಿಗೆ ಬರುತ್ತದೆ? 3.39. ಅಷ್ಟೇ. ಎರಡು ವರ್ಷ ಬೆವರು ಸುರಿಸಿದರೂ ಏರುವುದು 0.15. ಮೆಡಿಕಲ್ ಸ್ಕೂಲಿಗೆ ಸೇರಿದವರ ಸರಾಸರಿ 3.7 ದಾಟಿದೆ. ಇದನ್ನು ಕಂಡು ನಿಮ್ಮ ಯಜಮಾನರು "ನಾನು ಹೇಳಲಿಲ್ವಾ" ಅನ್ನಬಹುದು. ಸ್ವಲ್ಪ ತಡೆಯಲು ಹೇಳಿ.

ಎಂ.ಡಿ. ಅಂದರೆ ಇಲ್ಲಿ ನಮ್ಮ ಎಂಬಿಬಿಎಸ್ ಥರದ ಮೊದಲ ಡಾಕ್ಟರ್ ಡಿಗ್ರಿ. ಆ ಸ್ಕೂಲುಗಳ ಅರ್ಜಿ ಹೋಗುವುದು ಆಮ್ಕಾಸ್ ಅನ್ನುವ ಅರ್ಜಿ ವ್ಯವಸ್ಥೆಯ ಮೂಲಕ. ಅವರು ಸೈನ್ಸ್ ಮತ್ತು ಮ್ಯಾಥ್ಸ್ ಜಿಪಿಎಯನ್ನು ಬೇರೆಯಾಗಿ ತೆಗೆಯುತ್ತಾರೆ. ಡಿಗ್ರಿಯ ನಂತರ ಮಾಡಿದ್ದನ್ನೂ ಬೇರೆ ಸಾಲಿನಲ್ಲೇ ತೋರಿಸುತ್ತಾರೆ. ನಿಮ್ಮ ಮಗಳ ಹಳೆಯ ಸೈನ್ಸ್ ಒಂದು 20 ಕ್ರೆಡಿಟ್ ಇರಬಹುದು. ಎರಡು ಕೆಮಿಸ್ಟ್ರಿ ಬಿಟ್ಟು ಉಳಿದದ್ದು ಬಿ ಅಂದುಕೊಂಡರೆ ಅದು 2.66. ಅದರ ಮೇಲೆ 36 ಕ್ರೆಡಿಟ್ 3.9 ಬಂದು ಕೂತರೆ ಸೈನ್ಸ್ ಜಿಪಿಎ 3.46. ಹೊಸ ಸಾಲಿನಲ್ಲಿ 3.9. ನಾನು ಇಲ್ಲಿ ಓಹಾಯೊದ ಒಂದು ಮೆಡಿಕಲ್ ಸ್ಕೂಲಿಗೆ ಆರು ವರ್ಷ ಇಂಟರ್‌ವ್ಯೂ ಮಾಡಲು ಹೋಗುತ್ತಿದ್ದೆ. 19ರಲ್ಲಿ ಎಡವಿ 27ರಲ್ಲಿ ಒಂದಾದ ಮೇಲೊಂದು ಎ ತಂದವರ ಕಾಗದ ಬಂದರೆ ನಾವು ಸುಮ್ಮನೆ ಪಕ್ಕಕ್ಕಿಡುತ್ತಿರಲಿಲ್ಲ. ಎರಡೆರಡು ಸಲ ಓದುತ್ತಿದ್ದೆವು. ಆ ಎ ಯಾವ ಊರಿನ ಎ ಅಂತಲೂ ನೋಡುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ. ಆದರೆ ದೊಡ್ಡ ಹೆಸರಿನ ಕಡೆಯ ಬಿ ಪ್ಲಸ್‌ಗಿಂತ ಸ್ಟೇಟ್ ಯೂನಿವರ್ಸಿಟಿಯ ಎ ಮೇಲೆಯೇ ಇರುತ್ತಿತ್ತು.

ಇಲ್ಲಿ ನನ್ನ ಒಂದು ತಪ್ಪು ಹೇಳಿಕೊಳ್ಳಬೇಕು. 2014ರಲ್ಲಿ ನನ್ನ ತಂಗಿಯ ಮಗ ಬ್ಯಾಂಕಿನ ಕೆಲಸ ಬಿಟ್ಟು ಇಂಥದ್ದೇ ಒಂದು ದುಬಾರಿ ಪ್ರೋಗ್ರಾಮಿಗೆ ಸೇರಿದ. ಹೆಸರು ಬೇಡ. ಸೇರು ಅಂದವಳು ನಾನೇ. ಅವರ ಕೈಪಿಡಿಯಲ್ಲಿ "ನೂರಕ್ಕೆ 90 ಮಂದಿಗೆ ಮೆಡಿಕಲ್ ಸೀಟು" ಅಂತಿತ್ತು. ನಾನು ಅದನ್ನು ಓದಿ ಹಿಗ್ಗಿದೆ. ಜೂನ್‌ನಲ್ಲಿ ಶುರು. ಇಡೀ ವರ್ಷದ ಜನರಲ್ ಕೆಮಿಸ್ಟ್ರಿ ಬೇಸಿಗೆಯ ಒಂಬತ್ತು ವಾರದಲ್ಲಿ ಮುಗಿಯಬೇಕು. ಶನಿವಾರ-ಭಾನುವಾರ ನಮ್ಮ ಮನೆಗೆ ಬಂದು ಬೇಸ್‌ಮೆಂಟಿನಲ್ಲಿ ಕೂರುತ್ತಿದ್ದ. ಸೆಪ್ಟೆಂಬರಿನಲ್ಲಿ ಆರ್ಗ್ಯಾನಿಕ್ ಶುರುವಾಯಿತು. ಪ್ಲಾಸ್ಟಿಕ್ ಗೋಲಿಗಳ ಒಂದು ಡಬ್ಬಿ, ಕಪ್ಪು ಕಾರ್ಬನ್, ಕೆಂಪು ಆಕ್ಸಿಜನ್, ಬಿಳಿ ಹೈಡ್ರೋಜನ್. ಜೋಡಿಸುತ್ತಿದ್ದ, ತಿರುಗಿಸುತ್ತಿದ್ದ, ಬಿಚ್ಚುತ್ತಿದ್ದ. ಹತ್ತು ವರ್ಷದಿಂದ ಕೆಮಿಸ್ಟ್ರಿ ಮುಟ್ಟದ ಹುಡುಗ. ಎರಡು ಬಿ ಮೈನಸ್ ಬಂದವು. ಜನವರಿಯಲ್ಲಿ ಅವನನ್ನು ಕರೆದು, 3.5ಕ್ಕಿಂತ ಕಡಿಮೆ ಇರುವವರಿಗೆ ನಾವು ಕಮಿಟಿ ಲೆಟರ್, ಅಂದರೆ ಮೆಡಿಕಲ್ ಸ್ಕೂಲಿಗೆ ಕಾಲೇಜಿನ ಶಿಫಾರಸು ಪತ್ರ, ಕೊಡುವುದಿಲ್ಲ ಅಂದರು. ಆಗ ನಮಗೆ ಆ 90ರ ಗುಟ್ಟು ಗೊತ್ತಾಯಿತು. ಲೆಟರ್ ಸಿಕ್ಕವರಲ್ಲಿ ನೂರಕ್ಕೆ 90! ದಾರಿಯಲ್ಲಿ ಉದುರಿದವರು ಲೆಕ್ಕದಲ್ಲೇ ಇಲ್ಲ. ಅವನು ವಾಪಸ್ ಬ್ಯಾಂಕಿಗೆ ಹೋದ. ಸಾಲದ ಕೊನೆಯ ಕಂತು ಕಟ್ಟಿದ್ದು ಮೊನ್ನೆ ಮೊನ್ನೆ. ಹೋದ ದೀಪಾವಳಿಗೆ ಸೋಫಾ ಎಳೆದು ಕಸ ಗುಡಿಸುವಾಗ ಒಂದು ಕಪ್ಪು ಗೋಲಿ ಸಿಕ್ಕಿತು. ಎಸೆಯಲು ಮನಸ್ಸಾಗಲಿಲ್ಲ, ಮಸಾಲೆ ಡಬ್ಬಿ ಪಕ್ಕ ಇಟ್ಟಿದ್ದೇನೆ.

ಆದ್ದರಿಂದ ನಿಮ್ಮ ಮಗಳು ಯಾವ ಪ್ರೋಗ್ರಾಮಿಗೆ ಫೋನ್ ಮಾಡಿದರೂ ಒಂದೇ ಪ್ರಶ್ನೆ ಕೇಳಲಿ: ಮೊದಲ ದಿನ ಕ್ಲಾಸಿನಲ್ಲಿ ಎಷ್ಟು ಜನ ಇದ್ದರು, ಅವರಲ್ಲಿ ಎಷ್ಟು ಜನ ಇವತ್ತು ಮೆಡಿಕಲ್ ಸ್ಕೂಲಿನಲ್ಲಿದ್ದಾರೆ? ಉತ್ತರ ತಡವರಿಸಿದರೆ ಫೋನ್ ಇಡಲಿ.

ಹಾಗಾದರೆ ಏನು ಮಾಡುವುದು? ಕೆಲಸ ಬಿಡಬೇಡ ಅನ್ನಿ. ಬರುವ ಸೆಮಿಸ್ಟರಿನಲ್ಲಿ ಸಂಜೆ ಕ್ಲಾಸಿಗೆ ಒಂದೇ ಒಂದು ಕೋರ್ಸು ತಗೊಳ್ಳಲಿ. ಯಾವುದು? ಸಿ ಬಂದಿತ್ತಲ್ಲ, ಅದೇ ಕೆಮಿಸ್ಟ್ರಿಯ ಎರಡನೇ ಭಾಗ. "ಪಾಸಾಗಿದ್ದನ್ನು ಮತ್ತೆ ಯಾಕೆ" ಅಂತ ಮುಖ ಊದಿಸಿಕೊಳ್ಳುತ್ತಾಳೆ. ಹಳೆಯ ಸಿ ಅಳಿಸಿ ಹೋಗುವುದಿಲ್ಲ ಅನ್ನುವುದೂ ನಿಜ, ಆಮ್ಕಾಸ್ ಎರಡನ್ನೂ ಎಣಿಸುತ್ತದೆ. ಆದರೆ ಏಳು ವರ್ಷದ ಹಿಂದಿನ ಸಿ ಮೇಲೆ ಆರ್ಗ್ಯಾನಿಕ್ ಕಟ್ಟಲು ಹೋದರೆ ಎರಡನೇ ಸಲವೂ ಅಲ್ಲೇ ಕುಸಿಯುತ್ತಾಳೆ. ನಿಮ್ಮೂರಲ್ಲೇ ಮಿಡ್ಲ್‌ಸೆಕ್ಸ್ ಕಾಲೇಜಿದೆ, ಕಮ್ಯುನಿಟಿ ಕಾಲೇಜು ಅನ್ನುವ ಎರಡು ವರ್ಷದ ಕಾಲೇಜು, ಕೌಂಟಿಯವರಿಗೆ ಫೀಸು ಕಡಿಮೆ. ಡಿಸೆಂಬರಿನಲ್ಲಿ ಎ ಬಂತೋ, ಮುಂದೆ ಮಾತಾಡೋಣ. ಬಿ ಬಂತೋ, ಆಗಲೂ ಮಾತಾಡೋಣ, ಬೇರೆ ಥರ. ಒಂದು ಸೆಮಿಸ್ಟರಿನಲ್ಲಿ, ಸ್ವಲ್ಪ ಖರ್ಚಿನಲ್ಲಿ, ಆ 19 ದಿನದ ಆಸ್ಪತ್ರೆಯ ಬಿಸಿ ಇನ್ನೂ ಇದೆಯಾ ಅನ್ನುವುದೂ ಗೊತ್ತಾಗುತ್ತದೆ.

ಎ ಬಂದ ಮೇಲೆ ಆರ್ಗ್ಯಾನಿಕ್, ಫಿಸಿಕ್ಸ್, ಬಯೋಕೆಮಿಸ್ಟ್ರಿ, ಮೇಲಿನ ಹಂತದ ಬಯಾಲಜಿಯನ್ನು ನಾಲ್ಕು ವರ್ಷದ ಯೂನಿವರ್ಸಿಟಿಯಲ್ಲೇ ಮಾಡಲಿ. ಕೆಲವು ಮೆಡಿಕಲ್ ಸ್ಕೂಲುಗಳಿಗೆ ಕಮ್ಯುನಿಟಿ ಕಾಲೇಜಿನದ್ದೇ ಜಾಸ್ತಿ ಇದ್ದರೆ ಹಿಡಿಸುವುದಿಲ್ಲ. ಕ್ರೆಡಿಟ್ಟಿಗೆ 500 ಡಾಲರ್ ಅಂತ ಹಿಡಿದರೂ 36 ಕ್ರೆಡಿಟ್ಟಿಗೆ 18,000. ಅದೂ ಎರಡು ವರ್ಷದಲ್ಲಿ ಹಂಚಿ, ಸಂಬಳ ಬರುತ್ತಿರುವಾಗಲೇ. ಆ ಕಡೆ 45,000 ಫೀಸು, ಕೈಬಿಟ್ಟ ಸಂಬಳ 88,000. ಎರಡೂ ಸೇರಿ 1,33,000. ಅಷ್ಟು ಕೊಟ್ಟು ಉಳಿತಾಯವಾಗುವುದು ಹೆಚ್ಚೆಂದರೆ ಒಂದು ವರ್ಷ. ಸರ್ಕಾರದ ಸಾಲವೂ ಇಂಥ ತಯಾರಿ ಕೋರ್ಸಿಗೆ ಒಂದು ವರ್ಷಕ್ಕೆ ಮಾತ್ರ, 12,500 ಡಾಲರಿನವರೆಗೆ. ಉಳಿದದ್ದು ಖಾಸಗಿ ಸಾಲ, ಬಹುಶಃ ನಿಮ್ಮ ಯಜಮಾನರ ಸಹಿಯಲ್ಲಿ.

ಸಾಲದ ಮಾತು ಬಂತು, ಇದನ್ನೂ ಕೇಳಿ. 2025ರ ಹೊಸ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಅನ್ನುವ, ಪೂರ್ತಿ ಖರ್ಚಿಗೂ ಸಿಗುತ್ತಿದ್ದ ಸರ್ಕಾರಿ ಸಾಲ ಇಲ್ಲ. ಮೆಡಿಕಲ್ ಓದುವವರಿಗೆ ಸರ್ಕಾರದಿಂದ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್, ಅಲ್ಲಿಗೆ ಮುಗಿಯಿತು. ಬಹಳಷ್ಟು ಸ್ಕೂಲುಗಳ ಖರ್ಚು ಅದಕ್ಕಿಂತ ಜಾಸ್ತಿ. ಹಾಗಾಗಿ ಈಗ ಉಳಿಸಿದ ದುಡ್ಡು ಆಗ ಬೇಕಾಗುತ್ತದೆ. 45,000ವನ್ನು ಬಾಗಿಲಲ್ಲೇ ಚೆಲ್ಲಿ ಒಳಗೆ ಹೋಗುವುದು ನನಗಂತೂ ಜಾಣತನ ಅನ್ನಿಸುವುದಿಲ್ಲ.

ಸಂಜೆ ಕಾಲೇಜಿಗೆ ಹೋದರೆ ನಷ್ಟವೂ ಇದೆ. ಯಾವ ಪರೀಕ್ಷೆ ಯಾವಾಗ, ಯಾರ ಹತ್ತಿರ ಲೆಟರ್ ಬರೆಸಬೇಕು, ಎಲ್ಲ ಅವಳೇ ನೋಡಿಕೊಳ್ಳಬೇಕು. 200 ಜನರ ಕ್ಲಾಸಿನಲ್ಲಿ ಪ್ರೊಫೆಸರಿಗೆ ಇವಳ ಮುಖ ಗೊತ್ತಿರುವುದಿಲ್ಲ. ಮೊದಲ ವಾರದಿಂದಲೇ ಪ್ರೊಫೆಸರು ವಿದ್ಯಾರ್ಥಿಗಳಿಗೆ ಸಿಗುವ ಆಫೀಸ್ ಅವರ್ಸ್‌ಗೆ ಹೋಗಿ ಕೂರಲಿ. ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ ಬೇರೆ ಇದೆ. ಏಳೂವರೆ ಗಂಟೆಯ ಪರೀಕ್ಷೆ, 472ರಿಂದ 528ರವರೆಗೆ ಅಂಕ. ಸೀಟು ಸಿಕ್ಕವರ ಸರಾಸರಿ 511ರ ಮೇಲಿದೆ. ಇವಳ ಜಿಪಿಎಗೆ ಅದಕ್ಕಿಂತ ಮೇಲೆಯೇ ಬೇಕು. ವರ್ಷಕ್ಕೆ 50,000ಕ್ಕೂ ಹೆಚ್ಚು ಜನ ಅರ್ಜಿ ಹಾಕುತ್ತಾರೆ, ಎಂ.ಡಿ. ಸ್ಕೂಲಿಗೆ ಸೇರುವವರು 23,000ದ ಆಸುಪಾಸು. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಅರ್ಜಿ ಹೋಗಬೇಕು. ಆಗಸ್ಟಿನಲ್ಲಿ ಹಾಕಿದವರಿಗೆ ಎಲೆ ಹಾಕುವಷ್ಟರಲ್ಲಿ ಪಾಯಸ ಖಾಲಿ.

ಡಿ.ಓ. (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಸ್ಕೂಲುಗಳಿಗೂ ಹಾಕಲಿ. ಡಿ.ಓ. ಅಂದರೆ ಮೂಳೆ ಡಾಕ್ಟರಾ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅಲ್ಲ. ಅಮೆರಿಕದಲ್ಲಿ ಪೂರ್ತಿ ಡಾಕ್ಟರೇ. ನನ್ನ ಬಿಪಿ ನೋಡುವವರೇ ಡಿ.ಓ. ಹಳೆಯ ಗ್ರೇಡಿನ ಬದಲು ಹೊಸದನ್ನು ಮಾತ್ರ ಎಣಿಸುವ ಸೌಲಭ್ಯ ಅವರಲ್ಲಿತ್ತು, 2017ರಲ್ಲಿ ಅದೂ ಹೋಯಿತು. ಆದರೂ ಇವಳಂಥವರಿಗೆ ಅಲ್ಲಿ ಜಾಗ ಜಾಸ್ತಿ.

ಅಜ್ಜಿಯ ವಿಷಯ. ನಾನು ಇಂಟರ್‌ವ್ಯೂ ಮಾಡಿದವರಲ್ಲಿ ಎಷ್ಟೋ ಜನ ಅಜ್ಜಿಯ ಆಸ್ಪತ್ರೆಯ ಕತೆಯನ್ನೇ ಬರೆದಿದ್ದರು. ಅದು ಸುಳ್ಳಲ್ಲ. ಆದರೆ ನಾವು ಕೇಳುತ್ತಿದ್ದದ್ದು, ಅಜ್ಜಿ ಮನೆಗೆ ಬಂದ ಮೇಲೆ ನೀನೇನು ಮಾಡಿದೆ? ಎಡಿಸನ್ ಸುತ್ತಮುತ್ತ ನಮ್ಮ ಕಡೆಯ ಹಿರಿಯರು ಹೋಗುವ ಅಡಲ್ಟ್ ಡೇ ಕೇರ್‌ಗಳಿವೆ. ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಲಿ. ಮಾತ್ರೆ ನುಂಗಿದೆ ಅಂತ ಹೇಳಿ ಸೀರೆ ಸೆರಗಿಗೆ ಕಟ್ಟಿಕೊಳ್ಳುವವರ ಜೊತೆ ಒಂದು ವರ್ಷ ಕಳೆಯಲಿ. ಒಬ್ಬ ಡಾಕ್ಟರ ಹಿಂದೆ ನೋಟ್ಸ್ ಬರೆಯುವ ಸ್ಕ್ರೈಬ್ ಕೆಲಸ ಸಿಕ್ಕರೆ ಇನ್ನೂ ಒಳ್ಳೆಯದು. ಅಷ್ಟಾದ ಮೇಲೂ ಬೇಕು ಅಂದರೆ ಅವಳಿಗೆ ಬೇಕು ಅಂತಲೇ ಅರ್ಥ.

ನಿಮ್ಮ ಯಜಮಾನರಿಗೆ: ಊರಲ್ಲಿ ಎಂಬಿಬಿಎಸ್ ಮಾಡಲು ನೀಟ್ ಬರೆಯಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಮುಗಿಸಿ ಬಂದರೆ ಇಲ್ಲಿ ಅವಳು ಹೊರದೇಶದಲ್ಲಿ ಓದಿದವಳು. ಕೆರಿಬಿಯನ್ ಆದರೂ ಅಷ್ಟೇ. 2024ರಲ್ಲಿ ಇಲ್ಲಿಯ ಎಂ.ಡಿ. ಸ್ಕೂಲಿನ ಕೊನೆಯ ವರ್ಷದಲ್ಲಿ ಅರ್ಜಿ ಹಾಕಿದವರಲ್ಲಿ ನೂರಕ್ಕೆ 93 ಜನಕ್ಕೆ ರೆಸಿಡೆನ್ಸಿ, ಅಂದರೆ ಡಿಗ್ರಿ ಆದ ಮೇಲಿನ ಆಸ್ಪತ್ರೆ ತರಬೇತಿಯ ಸೀಟು ಸಿಕ್ಕಿತು. ಹೊರಗೆ ಓದಿ ಅರ್ಜಿ ಹಾಕಿದ ಅಮೆರಿಕದ ಪ್ರಜೆಗಳಲ್ಲಿ 67. ನಾನೂ ಹೊರಗೆ ಓದಿ ಬಂದವಳೇ, ಆ ದಾರಿಯನ್ನು ಹಗುರ ಮಾಡಿ ಹೇಳುತ್ತಿಲ್ಲ. ಆದರೆ ಸಾಲ ಮಾಡಿದ ಮೇಲೆ ಆ ಉಳಿದ 33ರಲ್ಲಿ ಸೇರಿದರೆ ಏನು ಗತಿ ಅಂತ ಒಂದು ರಾತ್ರಿ ಯೋಚನೆ ಮಾಡಲಿ.

ಮದುವೆಯ ಬಗ್ಗೆ ನನ್ನನ್ನು ಕೇಳಬೇಡಿ. ಹೌಸ್ ಸರ್ಜನ್ ಆಗಿದ್ದಾಗ ನೈಟ್ ಡ್ಯೂಟಿ ಮುಗಿಸಿ ನೇರ ಛತ್ರಕ್ಕೆ ಹೋದವಳು ನಾನು. ಧಾರೆಯಲ್ಲಿ ತೂಕಡಿಸಿದ ಫೋಟೋ ಇದೆ.

ಪ್ರಶ್ನೆ: ಮೇಡಂ, ನಾನು ವಿಟಿಯುನಲ್ಲಿ ಬಿ.ಇ. ಮಾಡಿದ್ದೇನೆ. ವಯಸ್ಸು 30. ಗಂಡನ ಜೊತೆ ಎಚ್‌-4 ವೀಸಾದಲ್ಲಿ ಟೆಕ್ಸಾಸಿನ ಫ್ರಿಸ್ಕೋದಲ್ಲಿದ್ದೇನೆ. ಪಿಯುಸಿಯಲ್ಲಿ ನನಗೆ ಬಯಾಲಜಿ ಅಂದರೆ ಪ್ರಾಣ. ನಾನೂ ಪೋಸ್ಟ್‌-ಬ್ಯಾಕ್ ಮಾಡಿ ಡಾಕ್ಟರ್ ಆಗಬಹುದಾ?

ಉತ್ತರ: ಗ್ರೀನ್ ಕಾರ್ಡ್ ಬರುವವರೆಗೆ ಅದಕ್ಕೆ ದುಡ್ಡು ಹಾಕಬೇಡಮ್ಮ. ಎಚ್‌-4ನಲ್ಲಿ ಓದಲು ಅಡ್ಡಿಯಿಲ್ಲ, ಕೋರ್ಸು ಮಾಡಬಹುದು. ಆದರೆ ಇಲ್ಲಿಯ ಹೆಚ್ಚಿನ ಮೆಡಿಕಲ್ ಸ್ಕೂಲುಗಳು ತಗೊಳ್ಳುವುದು ಪ್ರಜೆಗಳನ್ನು ಮತ್ತು ಗ್ರೀನ್ ಕಾರ್ಡ್ ಇರುವವರನ್ನು. ಹೊರಗಿನವರನ್ನು ತಗೊಳ್ಳುವ ಕೆಲವು ಕಡೆ ನಾಲ್ಕೂ ವರ್ಷದ ದುಡ್ಡನ್ನು ಮೊದಲೇ ಖಾತೆಯಲ್ಲಿ ಇಡು ಅನ್ನುತ್ತಾರೆ. ಸರ್ಕಾರದ ಸಾಲವೂ ಸಿಗುವುದಿಲ್ಲ. ಇನ್ನೊಂದು ತೊಡಕು ನಿಮ್ಮ ಬಿ.ಇ. ಆಮ್ಕಾಸ್ ಜಿಪಿಎಗೆ ವಿಟಿಯು ಮಾರ್ಕ್ಸ್ ಕಾರ್ಡ್ ಲೆಕ್ಕಕ್ಕೇ ಬರುವುದಿಲ್ಲ. ಬಹಳಷ್ಟು ಸ್ಕೂಲುಗಳು ಅಮೆರಿಕದ ಡಿಗ್ರಿಯನ್ನೋ, ಇಲ್ಲಿಯ 90 ಕ್ರೆಡಿಟ್‌ಗಳನ್ನೋ ಕೇಳುತ್ತವೆ. ಅಂದರೆ ಪೋಸ್ಟ್‌-ಬ್ಯಾಕ್ ಒಂದೇ ಸಾಲದು. ಬೇಸರ ಮಾಡಿಕೊಳ್ಳಬೇಡಿ. ಕಮ್ಯುನಿಟಿ ಕಾಲೇಜಿನಲ್ಲಿ ಅನಾಟಮಿ, ಮೈಕ್ರೋಬಯಾಲಜಿ ಮಾಡಿ ನೋಡಿ. ನರ್ಸಿಂಗಿಗೂ ಅವು ಬೇಕಾಗುತ್ತವೆ, ವ್ಯರ್ಥವಾಗುವುದಿಲ್ಲ.

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಮುಗಿಸಿ ಈಗ ಡಾಕ್ಟರ್ ಆಗಬೇಕು ಅನ್ನುತ್ತಿದ್ದಾನೆ. ವಯಸ್ಸು 24. ನಮ್ಮ ದೇಶದಲ್ಲೂ ಇಂಥ ಕೋರ್ಸು ಇದೆಯಾ? — ಶಿವಮೊಗ್ಗ

ಉತ್ತರ: ಬೇಕಾಗಿಯೇ ಇಲ್ಲ. ಪಿಯುಸಿಯಲ್ಲಿ ಬಯಾಲಜಿ ಇದ್ದರೆ ನೇರ ನೀಟ್ ಬರೆಯಲಿ. 2022ರಿಂದ ಮೇಲಿನ ವಯಸ್ಸಿನ ಮಿತಿ ತೆಗೆದಿದ್ದಾರೆ. ಪಿಸಿಎಂಸಿ ಓದಿದ್ದರೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಆಮೇಲೆ ಪಾಸು ಮಾಡಿಕೊಳ್ಳಲೂ 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ ದಾರಿ ಬಿಟ್ಟಿದೆ. ಕೋಚಿಂಗಿಗೆ ಲಕ್ಷ ಕಟ್ಟುವ ಮೊದಲು ಹಳೆಯ ನೀಟ್ ಪೇಪರ್ ಒಂದನ್ನು ಮನೆಯಲ್ಲಿ ಕೂರಿಸಿ, ಗಡಿಯಾರ ಇಟ್ಟು ಬರೆಸಿ. 720ಕ್ಕೆ ಎಷ್ಟು ಬಂತು ಅಂತ ನನಗೆ ಬರೆಯಿರಿ.